ಬಲಗೈಯ ಸೌಟು

"ಇನ್ನೊಂದು ಸ್ವಲ್ಪ ಹತ್ತಿರ ತನ್ನಿ, ಕೂಡುತ್ತೆ," ಎಂದರು ಪುರೋಹಿತ ಬದರೀನಾರಾಯಣಾಚಾರ್ಯರು.

ಕೂಡಲಿಲ್ಲ. ಭಾಗೀರಥಮ್ಮನವರ ಕೈಯ ಹೆಬ್ಬೆರಳುಗಳು ಜಗಳವಾಡಿದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಮುಖ ತಿರುಗಿಸಿ ವರ್ಷಗಳೇ ಆಗಿದ್ದವು. ವಾತ ಹಿಡಿದು ಸೊಟ್ಟಗಾದ ಆ ಕೈಗಳನ್ನು ಬದುಕಿದ್ದಾಗ ದೇವರ ಮುಂದೆ ಜೋಡಿಸುವುದಕ್ಕೂ ಆಗುತ್ತಿರಲಿಲ್ಲ; ಪ್ರಾಣ ಹೋದ ಮೇಲೆ ಒಂದು ದಾರಕ್ಕೆ ಮಣಿಯುತ್ತವೆಯೇ? ಕಾಲಿನ ಹೆಬ್ಬೆರಳುಗಳನ್ನು ಹೇಗೋ ಸೇರಿಸಿ ಕಟ್ಟಿಯಾಗಿತ್ತು. ಕೈಯದೇ ತೊಡಕು.

ಪಕ್ಕದ ಮನೆಯಾಕೆ ಮುಂದೆ ಬಂದು, "ನಾನು ಒತ್ತಿ ಹಿಡೀತೀನಿ, ನೀವು ಎಳೀರಿ," ಎಂದು ಮಣಿಕಟ್ಟಿಗೆ ಕೈ ಹಾಕಿದರು.

"ಒತ್ತಬೇಡಿ, ಅಜ್ಜಿಗೆ ನೋಯುತ್ತೆ!"

ಅಂದ ಮೇಲೆ ತಾನು ಏನಂದೆ ಎಂಬುದು ಪುಟ್ಟಲಕ್ಷ್ಮಿಗೆ ಹೊಳೆಯಿತು. ಯಾರೂ ನಗಲಿಲ್ಲ. ಪಕ್ಕದ ಮನೆಯಾಕೆ ಮೆಲ್ಲನೆ ಕೈ ತೆಗೆದರು.

"ಆಗಲಿ ಬಿಡಿ," ಎಂದರು ಆಚಾರ್ಯರು. "ಮಧ್ಯೆ ದಾರ ಸಡಿಲ ಬಿಟ್ಟು ಕಟ್ಟಿ. ಈ ಕೈ ಎಂಥದು ಅಂತ ಮೇಲಿರೋನಿಗೂ ಗೊತ್ತು."

ದಾರ ಪುಟ್ಟಲಕ್ಷ್ಮಿಯ ಕೈಯಲ್ಲಿತ್ತು. ಅವಳಿಗೆ ಭಾಗೀರಥಮ್ಮ ತಾಯಿಯ ತಾಯಿ. ಸೋದರಮಾವನನ್ನೇ ಮದುವೆಯಾದದ್ದರಿಂದ ಅತ್ತೆಯೂ ಹೌದು. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅತ್ತೆ ಎನ್ನಲು ನಾಲಗೆ ಹೊರಳಿರಲಿಲ್ಲ, ಅಜ್ಜಿ ಅಜ್ಜಿಯೇ. ಅವಳು ದಾರವನ್ನು ಒಂದು ಹೆಬ್ಬೆರಳಿಗೆ ಸುತ್ತಿ, ಇನ್ನೊಂದಕ್ಕೆ ಸುತ್ತಿ, ಗಂಟು ಹಾಕಲು ಹೋದಳು. ದಾರ ಜಾರಿತು. ಮತ್ತೆ ಹಿಡಿದಳು. ತೋರುಬೆರಳು ಮರದ ಕಡ್ಡಿಯಂತೆ ನಿಂತಿತ್ತು, ಬಗ್ಗಲಿಲ್ಲ. ಸಂಕ್ರಾಂತಿ ಕಳೆದು ಎರಡೇ ದಿನ. ಕಪಿಲೆಯ ಮೇಲಿನ ಚಳಿ ನಂಜನಗೂಡಿನ ಬೀದಿಗಳಿಂದ ಇನ್ನೂ ಕದಲಿರಲಿಲ್ಲ. ಇಂಥ ಬೆಳಗಿನಲ್ಲಿ ಅವಳ ಬೆರಳುಗಳು ಬಿಸಿಲೇರುವ ತನಕ ಅವಳ ಮಾತು ಕೇಳುತ್ತಿರಲಿಲ್ಲ. ದಾರ ಮತ್ತೊಮ್ಮೆ ಜಾರಿತು.

ಮಗಳು ವೇದವತಿ ಪಕ್ಕಕ್ಕೆ ಬಂದು ಕೂತಳು. "ಕೊಡಮ್ಮ ಇಲ್ಲಿ. ನಿನ್ನ ಕಣ್ಣು ತುಂಬಿ ಬಂದಿದೆ, ಏನೂ ಕಾಣಿಸ್ತಿಲ್ಲ ನಿನಗೆ," ಎಂದು ದಾರ ತೆಗೆದುಕೊಂಡು ಗಂಟು ಹಾಕಿದಳು.

ಪುಟ್ಟಲಕ್ಷ್ಮಿಯ ಕಣ್ಣಲ್ಲಿ ನೀರಿರಲಿಲ್ಲ. ಅವಳು ಮಗಳ ಮುಖ ನೋಡಿದಳು. ಮಗಳು ಗಂಟನ್ನೇ ನೋಡುತ್ತಿದ್ದಳು.

ಹೆಣ ಎತ್ತುವುದಕ್ಕೆ, ನೆಂಟರು ಬರಬೇಕಿದ್ದ ನರಸೀಪುರದ ಬಸ್ಸಿಗೆ ಕಾಯಬೇಕಾಗಿತ್ತು. ಪುಟ್ಟಲಕ್ಷ್ಮಿಯ ಗಂಡ ವ್ಯಾಸರಾಜ ಒದ್ದೆ ಪಂಚೆಯಲ್ಲಿ ತಾಯಿಯ ತಲೆಯ ಬಳಿ ನಿಂತಿದ್ದ. ಒಳಗೆ ನಡುಮನೆಯ ಕಂಬಕ್ಕೆ ಒರಗಿ ಲಕ್ಷ್ಮೀದೇವಮ್ಮ ಕೂತಿದ್ದರು. ಭಾಗೀರಥಮ್ಮನವರ ತಂಗಿ, ಪುಟ್ಟಲಕ್ಷ್ಮಿಗೆ ಚಿಕ್ಕಜ್ಜಿ. ಅಕ್ಕನಿಗೆ ಜಾಸ್ತಿಯಾಯಿತೆಂದು ನರಸೀಪುರದಿಂದ ವಾರದ ಕೆಳಗೇ ಬಂದಿದ್ದರು. ಅವರು ಅಳುವುದೂ ಜೋರು, ಅಳು ನಿಲ್ಲಿಸಿ ಮಾತಾಡುವುದೂ ಜೋರು.

"ಹುಟ್ಟೋದ್ರಲ್ಲಿ ನನಗಿಂತ ಮುಂದೆ, ಮದುವೇಲಿ ಮುಂದೆ, ಇದ್ರಲ್ಲೂ ಬಿಡಲಿಲ್ಲ ನೋಡು ನಿಮ್ಮಜ್ಜಿ," ಎಂದು ಮೂಗೊರೆಸಿಕೊಂಡರು. ಆಮೇಲೆ ಪುಟ್ಟಲಕ್ಷ್ಮಿಯನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದರು. "ಪುಟ್ಟೂ, ಇಂಥ ಹೊತ್ತಲ್ಲಿ ಆಡೋ ಮಾತಲ್ಲ. ಆದ್ರೂ ಕೇಳು. ನಮ್ಮೂರ ಮೇಷ್ಟ್ರ ಮನೆಯವರು ವೇದೂನ ಒಪ್ಪಿದ ಹಾಗೇನೇ. ಜಾತಕ ಕೂಡಿದೆ. ಹುಡುಗನ ತಾಯಿ ಒಂದೇ ಮಾತು ಕೇಳಿದಳು. ಅಜ್ಜಿ ಕೈ ಹೀಗಂತೆ, ಅವರ ದೊಡ್ಡ ಮಗಳು, ಅದೇ ನಿಮ್ಮಮ್ಮ, ಅವಳ ಕೈಯೂ ಹೀಗೇ ಆಗಿ ತೀರಿಹೋದಳಂತೆ, ಹುಡುಗಿಯ ತಾಯಿದು ಹೇಗೆ ಅಂತ."

"ನೀವೇನಂದ್ರಿ?"

"ಸುತರಾಂ ಇಲ್ಲ ಅಂದೆ. ನಮ್ಮ ಪುಟ್ಟು ಒಂದೇ ಕೈಲಿ ಬಾವಿಯಿಂದ ಕೊಡಪಾನ ಎತ್ತುತ್ತಾಳೆ, ಬಂದು ನೋಡಿ ಬೇಕಾದ್ರೆ ಅಂದೆ. ಅಕ್ಕನ ಜೊತೆಗೇ ಈ ಪೀಡೆ ನಮ್ಮ ವಂಶ ಬಿಟ್ಟು ಹೋಯ್ತು ಅನ್ಕೊ."

ಪುಟ್ಟಲಕ್ಷ್ಮಿ ಬಲಗೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡಳು. "ಹೂಂ," ಎಂದಳು.

* * *

ಭಾಗೀರಥಮ್ಮನವರ ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಗುಡಾಣವಿತ್ತು. ಅವರ ತಾಯಿಗೆ ಕೀಲುನೋವು ಶುರುವಾದಾಗ, ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ನಂಜುಂಡೇಶ್ವರನ ಅನ್ನದಾನಕ್ಕೆ ಕೊಡುತ್ತೇನೆಂದು ಹರಕೆ ಹೊತ್ತರಂತೆ. ತಾಯಿಯ ನೋವು ಮಗಳಿಗೆ ಬಂತು. ನೋವಿನ ಹಿಂದೆಯೇ ಗುಡಾಣವೂ ಬಂತು.

ಎಪ್ಪತ್ತೊಂದನೇ ಇಸವಿಯಲ್ಲಿ ಚಿಕ್ಕಜ್ಜಿ ಒತ್ತಾಯ ಮಾಡಿ ಅಕ್ಕನನ್ನು ನರಸೀಪುರಕ್ಕೆ ಕರೆಸಿಕೊಂಡರು. ಅಲ್ಲಿ ಹೊಳೆಯ ದಂಡೆಯ ಮೇಲೆ ಒಂದು ಧರ್ಮಾಸ್ಪತ್ರೆ. ಡಾಕ್ಟರ್ ಗೋವಿಂದಯ್ಯ ಎಂಬವರು ಕೀಲುವಾತಕ್ಕೆಂದೇ ಒಂದು ವಾರ್ಡು ಇಟ್ಟುಕೊಂಡು, ಈ ರೋಗ ಮನೆಮನೆಯೊಳಗೆ ಹೇಗೆ ಇಳಿದು ಬರುತ್ತದೆಂದು ಹುಡುಕುತ್ತಿದ್ದರು. ಅಜ್ಜಿಯ ಜೊತೆಗೆ ಹೋದವಳು ಪುಟ್ಟಲಕ್ಷ್ಮಿಯೇ. ಮಡಿ ಹೆಂಗಸು ಪರಗಂಡಸಿನ ಮುಂದೆ ಕೈ ಚಾಚಿದ್ದನ್ನು ಅವಳು ಅಂದೇ ಮೊದಲು ನೋಡಿದ್ದು.

ಡಾಕ್ಟರು ಒಂದೊಂದೇ ಬೆರಳನ್ನು ಹಿಡಿದು ನೋಡಿದರು. "ನೋವಿಗೆ ಮಾತ್ರೆ ಕೊಡ್ತೀನಿ ತಾಯಿ. ಬೆರಳು ನೆಟ್ಟಗೆ ಮಾಡ್ತೀನಿ ಅಂದ್ರೆ ಮಾತ್ರ ಸುಳ್ಳಾಗುತ್ತೆ."

"ಮತ್ತೆ ಇವರನ್ನೆಲ್ಲ ಯಾಕಪ್ಪ ಮಲಗಿಸ್ಕೊಂಡಿದ್ದೀಯ?"

"ನಾನು ಕಲಿಯೋಕೆ. ಎಲ್ಲರೂ ಕೈ ಮುರುಟಿದ ಮೇಲೇ ಬರ್ತಾರೆ. ಮನೆ ಸುಟ್ಟು ಬೂದಿಯಾದ ಮೇಲೆ, ಬೆಂಕಿ ಎಲ್ಲಿಂದ ಹತ್ತಿತು ಅಂತ ನಾನು ಹುಡುಕ್ತಾ ಕೂರಬೇಕು. ಶುರುವಾದ ಮೊದಲನೇ ವರ್ಷದ ಕೈ ಒಂದು ಸಿಕ್ಕಿದ್ರೆ..." ಎಂದು ಡಾಕ್ಟರು ಮಾತು ನಿಲ್ಲಿಸಿದರು. ಆಚೆ ಮಂಚದ ಹೆಂಗಸು ಗಂಟು ಕಟ್ಟುತ್ತಿದ್ದಳು. "ಏನಮ್ಮ ಶಿವನಂಜಮ್ಮ, ಎಲ್ಲಿಗೆ?"

"ಓಯ್ತೀನಿ ಸಾ. ನಮ್ಮೂರು ಎಡತಲೆಯಿಂದ ದಿನಾ ಬುತ್ತಿ ತಂದ್ಕೊಡೋರ್ ಯಾರವ್ರೆ? ನೀವ್ ರಕ್ತ ತಕ್ಕೊಂಡ್ ನೋಡ್ತಾ ಕುಂತ್ರೆ ನನ್ ಒಟ್ಟೆ ತುಂಬ್ತದಾ?"

ಡಾಕ್ಟರು ಭಾಗೀರಥಮ್ಮನವರ ಕಡೆ ತಿರುಗಿ, "ಇದೇ ಗೋಳು. ವಾರ ಇರಿ ಅಂದ್ರೆ ಮೂರನೇ ದಿನ ಹೊರಡ್ತಾರೆ. ಅವರದೇನು ತಪ್ಪು?" ಎಂದರು.

ಊರಿಗೆ ಮರಳಿದ ಸಂಜೆಯೇ ಅಜ್ಜಿ ಅಡುಗೆಮನೆಯಿಂದ ಕೂಗಿ ಹೇಳಿದರು. "ವ್ಯಾಸ, ಇನ್ನು ಮೇಲೆ ಗುಡಾಣದ ಅಕ್ಕಿ ನರಸೀಪುರದ ವಾರ್ಡಿಗೆ."

"ದೇವರಿಗೆ ಹೊತ್ತಿದ್ದಲ್ವೇನಮ್ಮ?"

"ದೇವರು ಎಂದಾದ್ರೂ ಉಂಡಿದ್ದು ಕಂಡಿದ್ದೀಯಾ? ಅಲ್ಲಿ ಉಣ್ಣೋದೂ ಹಸಿದೋರೇ, ಇಲ್ಲಿ ಉಣ್ಣೋದೂ ಹಸಿದೋರೇ. ಅಲ್ಲಿ ಉಂಡ್ರೆ ಆ ಗೋವಿಂದಯ್ಯ ನಾಲ್ಕಕ್ಷರ ಕಲೀತಾನೆ. ನಂಜುಂಡನಿಗೆ ಬೇಜಾರಾದ್ರೆ ನನ್ನನ್ನ ಕೇಳಲಿ."

ಅಷ್ಟು ಹೊತ್ತಿಗೆ ಅಜ್ಜಿಯ ಬಲಗೈ ಪೂರ್ತಿ ಹೋಗಿತ್ತು. ಎಡಗೈಯಲ್ಲಿ ಹಿಡಿದ ಅಕ್ಕಿ ಬೆರಳ ಸಂದಿಯಿಂದ ಅರ್ಧ ಸುರಿದುಹೋಗುತ್ತಿತ್ತು. "ನಾನು ಹಾಕ್ತೀನಿ ಬಿಡಿ ಅಜ್ಜಿ," ಎಂದರೆ ಒಪ್ಪಲಿಲ್ಲ. "ನೋವು ನಂದು, ಅಕ್ಕಿ ನಾನೇ ಹಾಕಬೇಕು. ನಿನ್ನ ಹಿಡಿ ಮಾತ್ರ ಸಾಲ ಕೊಡು," ಎಂದರು. ಪುಟ್ಟಲಕ್ಷ್ಮಿ ಮುಷ್ಟಿ ತುಂಬ ಅಕ್ಕಿ ತೆಗೆದು ಒಂದು ತೆಂಗಿನ ಕರಟಕ್ಕೆ ಸುರಿದಳು. ಅದು ಎಲ್ಲಿಗೆ ಬಂತೋ ಅಲ್ಲಿಗೆ ಕರಟ ಕೊಯ್ಯಿಸಿದರು. ವಾರ್ಡಿನಲ್ಲಿ ಕಂಡ ಶಿವನಂಜಮ್ಮ ಆಮೇಲೆ ಮನೆಗೂ ಬಂದುಹೋಗುವಷ್ಟು ಬಳಕೆಯಾಗಿದ್ದಳು; ಅವಳ ಗಂಡ ಬೆಟ್ಟಯ್ಯ ಮರಗೆಲಸದವನು. ಅವನು ಅದಕ್ಕೆ ಬಿದಿರಿನ ಹಿಡಿ ಕೂರಿಸಿ, ಎಡಗೈಯ ಸೊಟ್ಟಕ್ಕೆ ಸರಿಯಾಗಿ ಓರೆ ಮಾಡಿ, ದಪ್ಪಗೆ ಬಟ್ಟೆ ಸುತ್ತಿಕೊಟ್ಟ. ಆ ಸೌಟಿನಲ್ಲಿ ಪುಟ್ಟಲಕ್ಷ್ಮಿಯ ಹಿಡಿ ದಿನಾ ಗುಡಾಣಕ್ಕೆ ಬಿತ್ತು.

ಅಕ್ಕಿ ಹೋಗುತ್ತಿದ್ದುದು ನರಸೀಪುರದ ಬಸ್ಸಿನಲ್ಲಿ, ಅಜ್ಜಿಯ ಜೊತೆ. ಸರ್ಕಾರದ ಪರ್ಮಿಟ್ ಇಲ್ಲದೆ ಅಕ್ಕಿ ಸಾಗಿಸಬಾರದೆಂಬ ಲೆವಿಯ ಕಾಲದಲ್ಲಿ ಒಮ್ಮೆ ದಾರಿಯಲ್ಲಿ ಪೊಲೀಸಿನವನು ಬಸ್ಸು ನಿಲ್ಲಿಸಿ, "ಯಾರ್ದು ಈ ಮೂಟೆ? ಪರ್ಮಿಟ್ ಎಲ್ಲಿ?" ಎಂದ. ಮೂಟೆಯ ಮೇಲೇ ಕೂತಿದ್ದ ಅಜ್ಜಿ ಎರಡು ಕೈಗಳನ್ನೂ ಸೆರಗಿನಿಂದ ಹೊರಗೆ ತೆಗೆದು ಅವನ ಮುಖದ ಮುಂದೆ ಹಿಡಿದರು.

"ಇದೇ ಪರ್ಮಿಟ್ಟು. ಓದ್ಕೊ."

ಬಸ್ಸಿಗೆ ಬಸ್ಸೇ ನಕ್ಕಿತು. ಅವನು ಮಾತ್ರ ನಗದೆ ಆ ಕೈಗಳನ್ನು ನೋಡಿದ. "ನಮ್ಮವ್ವಂದೂ ಇಂಗೇ ಅವೆ ಕಣಮ್ಮ," ಎಂದ.

"ಹಾಗಾದ್ರೆ ಕರ್ಕೊಂಡು ಬಾ. ಊಟ ಇದೇ ಮೂಟೇಲಿದೆ."

* * *

ಡಾಕ್ಟರು ಪ್ರತಿ ವರ್ಷ ನಂಜನಗೂಡಿಗೆ ಬಂದು ಈ ಮನೆಯ ಹೆಂಗಸರ ಕೈ ನೋಡುತ್ತಿದ್ದರು. ಬಿ.ಪಿ. ನೋಡುವ ಪೆಟ್ಟಿಗೆ ತೆರೆದು, ತೋಳಿಗೆ ಸುತ್ತುವ ರಬ್ಬರ್ ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ಕೈಗೆ ಕೊಟ್ಟು "ಹಿಂಡಿ" ಎನ್ನುತ್ತಿದ್ದರು. ಹಿಂಡಿದಷ್ಟೂ ಗಾಜಿನ ಕೊಳವೆಯಲ್ಲಿ ಪಾದರಸ ಏರುತ್ತಿತ್ತು. ಅಜ್ಜಿ ಹಿಂಡಿದರೆ ಅದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು ಅಲುಗಿ ಸುಮ್ಮನಾಗುತ್ತಿತ್ತು. ಪುಟ್ಟಲಕ್ಷ್ಮಿ ಹಿಂಡಿದರೆ ತುದಿಯ ಹತ್ತಿರಕ್ಕೆ ಹೋಗುತ್ತಿತ್ತು. ಆಗ ಅಜ್ಜಿಯ ಮುಖ ನೋಡಬೇಕಾಗಿತ್ತು.

ಎರಡು ಚಳಿಗಾಲದ ಹಿಂದೆ ಒಂದು ಬೆಳಿಗ್ಗೆ ಅವಳಿಗೆ ಹಾಲಿನ ಪಾತ್ರೆ ಹಿಡಿಯಲಾಗಲಿಲ್ಲ. ಆ ವರ್ಷ ಡಾಕ್ಟರು ಬಂದಾಗ ತಾನು ಹೊರಗಾಗಿದ್ದೇನೆಂದು ಹಿತ್ತಲಲ್ಲೇ ಕೂತಳು. ಮರುವರ್ಷ ವ್ರತವೆಂದು ನೆಪ ಹೇಳಿದಳು. ವೇದೂಗೆ ಆಗಲೇ ಗಂಡು ನೋಡುತ್ತಿದ್ದರು. ಒಂದು ಮದುವೆ ಮುಗಿಯಲಿ, ಆಮೇಲೆ ಯಾರಿಗೆ ಬೇಕಾದರೂ ತೋರಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಡಾಕ್ಟರು ಕೇಳಿದ್ದ ಆ ಮೊದಲನೇ ವರ್ಷದ ಕೈ ಗೋಡೆಯ ಆಚೆ ಹಿತ್ತಲಲ್ಲೇ ಇತ್ತು. ಮೂಟೆಗಟ್ಟಲೆ ಅಕ್ಕಿ ಕೊಟ್ಟ ಮನೆ ಆ ಒಂದು ಕೈಯನ್ನು ಕೊಡಲಿಲ್ಲ.

ಅಜ್ಜಿಗೂ ಹೇಳಲಿಲ್ಲ. ಹಾಸಿಗೆ ಹಿಡಿದ ಮೇಲೆ ಅಜ್ಜಿಗೆ ತುತ್ತು ಹಾಕುತ್ತಿದ್ದವಳು ಅವಳೇ. ಕಾರ್ತಿಕದಲ್ಲಿ ಒಂದು ದಿನ ಅಜ್ಜಿ ತುತ್ತು ನುಂಗಿ, "ಪಾತ್ರೆ ತೊಳೆಯೋಕೆ ತಣ್ಣೀರು ಮುಟ್ಟಬೇಡ್ವೇ ಪುಟ್ಟು. ಬಿಸಿನೀರು ತಗೊ," ಎಂದಿದ್ದರು. ಚಳಿಗೆ ಹೇಳಿದ ಮಾತು ಎಂದುಕೊಂಡು ಅವಳು ಇನ್ನೊಂದು ತುತ್ತು ಕಲೆಸಿದ್ದಳು.

* * *

ಬಸ್ಸಿಗಿಂತ ಮೊದಲು ಜೀಪು ಬಂತು. ಡಾಕ್ಟರ್ ಗೋವಿಂದಯ್ಯ ಇಳಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಜ್ಜಿಯ ಕೈ ಕಟ್ಟಿದ್ದ ದಾರವನ್ನು, ನಡುವೆ ಬಿಟ್ಟ ಸಡಿಲವನ್ನು ಬಹಳ ಹೊತ್ತು ನೋಡಿ, ಗೋಡೆಯ ಕಡೆ ಹೋಗಿ ನಿಂತರು. ಬಸ್ಸೂ ಬಂತು. ನೆಂಟರು ಬಂದು ಸೇರಿದರು.

"ಬಾಯಿಗೆ ಅಕ್ಕಿ ಹಾಕೋರು ಬನ್ನಿ," ಎಂದರು ಆಚಾರ್ಯರು.

ತಟ್ಟೆಯಲ್ಲಿ ಅಕ್ಕಿ ಇಟ್ಟಿದ್ದರು. ವ್ಯಾಸರಾಜ ಹಾಕಿದ. ಚಿಕ್ಕಜ್ಜಿ, "ಜನಕ್ಕೆಲ್ಲ ಉಣ್ಣಿಸಿದೆಯಲ್ಲೇ, ಈಗ ನೀನು ಉಣ್ಣೇ," ಎಂದು ಅತ್ತು ಹಾಕಿದರು. ಒಬ್ಬೊಬ್ಬರಾಗಿ ಮುಂದೆ ಹೋಗುತ್ತಿದ್ದರು. ಪುಟ್ಟಲಕ್ಷ್ಮಿ ಹಿಂದೆ ಹಿಂದೆ ಸರಿಯುತ್ತಿದ್ದಳು. ನಾಲ್ಕು ಕಾಳು ಚಿವುಟಿ ಹಾಕಿ ಬಂದುಬಿಡುವುದು ಎಂದು ಲೆಕ್ಕ ಹಾಕಿದ್ದಳು. ಆ ಬೆರಳು ಚಿವುಟುವುದಕ್ಕೂ ಕೂಡುತ್ತಿಲ್ಲ ಎಂಬುದು ಸೆರಗಿನೊಳಗೆ ಪ್ರಯತ್ನಿಸಿದಾಗ ಗೊತ್ತಾಯಿತು.

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಒಂದು ಕೂಗು. "ಅಯ್ಯೋ ನಮ್ಮವ್ವ! ಯಾರೂ ಒಂದ್ ಮಾತ್ ಯೋಳ್ನಿಲ್ವಲ್ಲಪ್ಪಾ!"

ಶಿವನಂಜಮ್ಮ. ಹೆಡತಲೆಯಿಂದ ಬೆಳಗಿನ ಬಸ್ಸಿಗೆ ಬಂದವಳಿಗೆ ಸಾವಿನ ಸುದ್ದಿ ಈ ಬೀದಿಯಲ್ಲೇ ಗೊತ್ತಾಗಿತ್ತು. ಹೊಸ್ತಿಲಾಚೆ ಕುಸಿದು ಕೂತು ಅತ್ತಳು. ಆಮೇಲೆ ಮಡಿಲಿನಿಂದ ಏನನ್ನೋ ತೆಗೆದಳು. ಹೊಸ ಕರಟದ ಸೌಟು. ಹಿಡಿಗೆ ದಪ್ಪಗೆ ಬಿಳಿ ಬಟ್ಟೆ ಸುತ್ತಿತ್ತು.

"ಓದ ಅಮಾಸೆಗೆ ಬಂದಿದ್ನಲ್ಲ, ಆವತ್ತು ಅವ್ವಾರು ಕಿವೀಲಿ ಯೋಳಿದ್ರು. ನಂಜಿ, ಅದೇ ಅಳತೇಲಿ ಇನ್ನೊಂದು ಮಾಡ್ಸು ಅಂತ. ನಮ್ಮೆಜಮಾನ್ರು ರಾತ್ರಿ ಮುಗುಸುದ್ರು. ಕೊಡಾನ ಅಂತ ಬಂದ್ರೆ ಇಂಗಾಗದೆ." ಅವಳು ಸೌಟು ಎತ್ತಿ ಹಿಡಿದಳು. "ಈಗ ಇದ್ನ ಯಾರ್ಗವ್ವ ಕೊಡ್ಲಿ?"

ವ್ಯಾಸರಾಜ ಸಮಾಧಾನದ ದನಿಯಲ್ಲಿ, "ಈಗ ಯಾರಿಗಮ್ಮ. ಹಳೇದೇ ಇದೆ. ನೀನೇ ಇಟ್ಕೊ," ಎಂದ.

"ಅಳೇದು ಎಡಗೈದು ಕಣ್ರಪ್ಪ. ಇದು ಬಲಗೈಗೆ. ಬಲಗೈಗೇ ಆಗ್ಬೇಕು, ಮರೀಬ್ಯಾಡ ಅಂತ ಎರಡ್ಸಲ ಯೋಳಿದ್ರು. ಅವ್ರ ಬಲಗೈ ಓಗಿ ಯಾವ ಕಾಲ ಆಯ್ತು! ಜರದಲ್ಲಿ ಏನೋ ಅಂತಾವ್ರೆ ಅನ್ಕೊಂಡಿ."

ಪುಟ್ಟಲಕ್ಷ್ಮಿ ಅಜ್ಜಿಯ ಮುಖ ನೋಡಿದಳು. ಎಂದಿನ ಮುಖ. ಬಿಸಿನೀರು ತಗೊ ಎಂದ ಮುಖ. ಗೊತ್ತಿತ್ತು ಇವರಿಗೆ. ಗೊತ್ತಿದ್ದೂ ಯಾರಿಗೂ ಹೇಳದೆ, ಅವಳನ್ನೂ ಕೇಳದೆ, ಮಲಗಿದಲ್ಲಿಂದಲೇ ಏನು ಮಾಡಬಹುದೋ ಅದನ್ನು ಮಾಡಿಟ್ಟಿದ್ದರು.

ಇನ್ನೂ ಸುಮ್ಮನಿರಬಹುದಾಗಿತ್ತು. ಶಿವನಂಜಮ್ಮ ಸೌಟನ್ನು ಮಡಿಲಿಗೆ ಸೇರಿಸಿಕೊಂಡು ಹೋಗುತ್ತಿದ್ದಳು, ಬೇಸಿಗೆಯ ಹೊತ್ತಿಗೆ ವೇದೂ ಮದುವೆ ಮುಗಿಯುತ್ತಿತ್ತು. ಪುಟ್ಟಲಕ್ಷ್ಮಿ ಮಗಳ ಕಡೆ ನೋಡಿದಳು. ಮಗಳು ಈ ಸಲ ಕಣ್ಣು ತಪ್ಪಿಸಲಿಲ್ಲ.

"ಇಲ್ಲಿ ಕೊಡಿ ಶಿವನಂಜಮ್ಮ," ಎಂದಳು ಪುಟ್ಟಲಕ್ಷ್ಮಿ. "ಅದು ನನಗೆ ಮಾಡಿಸಿದ್ದು."

ಸೆರಗಿನಿಂದ ಬಲಗೈ ಹೊರಗೆ ಬಂತು. ಗಿಣ್ಣುಗಳು ಕೆಂಪಗೆ ಊದಿದ್ದವು. ಸೌಟಿನ ದಪ್ಪ ಹಿಡಿ, ಮಡಚಲಾಗದ ಬೆರಳುಗಳ ನಡುವೆ ಹೋಗಿ ತನ್ನ ಜಾಗ ತಾನೇ ಹುಡುಕಿಕೊಂಡು ಕೂತಿತು. ಅವಳು ತಟ್ಟೆಯಿಂದ ಸೌಟಿನ ತುಂಬ ಅಕ್ಕಿ ತೆಗೆದಳು. ಒಮ್ಮೆ ಅವಳ ಮುಷ್ಟಿಯಲ್ಲಿ ಹಿಡಿಯುತ್ತಿದ್ದಷ್ಟೇ.

"ಕೈಯಲ್ಲಿ ಹಾಕೋದಲ್ವೇ..." ಎಂದು ಹಿಂದಿನಿಂದ ಯಾರೋ ಶುರುಮಾಡಿದರು.

"ಅದೇ ಕೈ," ಎಂದರು ಆಚಾರ್ಯರು. "ಹಾಕಮ್ಮ."

ಅವಳು ಬಗ್ಗಿ ಅಜ್ಜಿಯ ಬಾಯಿಗೆ ಅಕ್ಕಿ ಹಾಕಿದಳು. ನಡುಮನೆಯಲ್ಲಿ ಚಿಕ್ಕಜ್ಜಿಯ ಅಳು ತಟ್ಟನೆ ನಿಂತಿತು.

* * *

ಗಂಡಸರು ಹೊಳೆಯ ಕಡೆ ಹೋದರು. ಹೆಂಗಸರು ಮನೆ ತೊಳೆದು ತಲೆಗೆ ನೀರು ಹಾಕಿಕೊಂಡರು. ಸೀರೆ ಹಿಂಡಲು ಪುಟ್ಟಲಕ್ಷ್ಮಿ ಒದ್ದಾಡುತ್ತಿದ್ದಾಗ ವೇದವತಿ ಬಂದು ಇನ್ನೊಂದು ತುದಿ ಹಿಡಿದಳು.

ಬೀದಿಯ ಕೊನೆಯವರೆಗೆ ಹೆಣದ ಜೊತೆ ಹೋಗಿದ್ದ ಡಾಕ್ಟರು ಮರಳಿ ಬಂದು ಜಗುಲಿಯ ತುದಿಯಲ್ಲಿ ಕೂತಿದ್ದರು. ಪುಟ್ಟಲಕ್ಷ್ಮಿ ಒದ್ದೆ ಕೂದಲಲ್ಲೇ ಹೊರಗೆ ಬಂದಳು.

"ಪೆಟ್ಟಿಗೆ ತಂದಿದ್ದೀರಾ ಡಾಕ್ಟ್ರೇ?"

"ಅದು ಯಾವಾಗ್ಲೂ ಜೀಪಲ್ಲೇ ಇರುತ್ತೆ. ಇವತ್ತು ಬೇಡಮ್ಮ. ಸೂತಕ ಕಳೀಲಿ, ನಾನೇ ಬರ್ತೀನಿ."

"ಸೂತಕ ಕಳೆಯೋ ಹೊತ್ತಿಗೆ ಈ ಕೈ ಮತ್ತೆ ಸೆರಗಿನೊಳಗೆ ಹೋಗಿರುತ್ತೆ. ನನ್ನ ಬುದ್ಧಿ ನನಗೆ ಗೊತ್ತು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ದಿನದಿಂದ?"

"ಎರಡು ಚಳಿಗಾಲ."

ಅವರು ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಎದ್ದು ಹೋಗಿ ಪೆಟ್ಟಿಗೆ ತಂದು ಜಗುಲಿಯ ಮೇಲೆ ತೆರೆದಿಟ್ಟರು.

ಚಿಕ್ಕಜ್ಜಿ ಬಾಗಿಲಲ್ಲಿ ಬಂದು ನಿಂತರು. "ಬೀದಿ ಜಗುಲಿ ಮೇ‌ಲೇ ಆಗಬೇಕೇನೇ ಇದೆಲ್ಲ? ಒಳಗೆ ಕೂತ್ಕೊಳ್ಳೇ."

"ಇಲ್ಲೇ ಬೆಳಕು ಚೆನ್ನಾಗಿದೆ ಚಿಕ್ಕಜ್ಜಿ."

"ಮೇಷ್ಟ್ರ ಹೆಂಡತಿಗೆ ಏನು ಹೇಳಲಿ ನಾನು?"

"ಕಂಡದ್ದನ್ನ ಹೇಳಿ."

ಚಿಕ್ಕಜ್ಜಿ ಹೊಸ್ತಿಲ ಪಕ್ಕ ಉಸ್ಸೆಂದು ಕೂತು, ಯಾರಿಗೂ ಅಲ್ಲದ ಹಾಗೆ ಹೇಳಿದರು. "ಆ ಮೇಷ್ಟ್ರ ಹೆಂಡತಿಗೂ ಮಂಡಿ ಹಿಡಿದಿದೆ. ಮೆಟ್ಟಿಲು ಇಳಿಯೋವಾಗ ಗೋಡೆ ಹಿಡ್ಕೋತಾಳೆ. ನಾನೇನು ಬಾಯಿಬಿಟ್ಟು ಕೇಳಿದ್ನಾ?"

ಡಾಕ್ಟರು ರಬ್ಬರ್ ಪಟ್ಟಿ ಸುರುಳಿ ಸುತ್ತಿ ಪುಟ್ಟಲಕ್ಷ್ಮಿಯ ಬಲಗೈಗೆ ಕೊಟ್ಟರು. "ಹಿಂಡಿ."

ಅವಳು ಹಲ್ಲು ಕಚ್ಚಿ ಹಿಂಡಿದಳು. ಪಾದರಸ ಎದ್ದು, ಕೊಳವೆಯ ಕಾಲುಭಾಗಕ್ಕೆ ಬಂದು, ಅಲ್ಲೇ ನಡುಗಿತು. ಅವಳು ಕಣ್ಣು ತೆಗೆಯದೆ ನೋಡಿದಳು. ಬೆರಳು ಸಡಿಲವಾಯಿತು, ಅದು ಇಳಿದುಹೋಯಿತು.

ವೇದವತಿ ಬಂದು ತಾಯಿಯ ಪಕ್ಕದಲ್ಲಿ ಕೂತು, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಮುಂದೆ ಚಾಚಿದಳು.

"ನಂದೂ ನೋಡಿ ಡಾಕ್ಟ್ರೇ. ಇವತ್ತಿಂದ ಪ್ರತಿ ವರ್ಷ."

ಡಾಕ್ಟರು ಪುಟ್ಟಲಕ್ಷ್ಮಿಯ ಮುಖ ನೋಡಿದರು. ಪುಟ್ಟಲಕ್ಷ್ಮಿ ತೊಡೆಯ ಮೇಲಿದ್ದ ಸೌಟಿನ ಮೇಲೆ ತನ್ನ ಕೈ ಇಟ್ಟುಕೊಂಡಳು, ತಲೆಯಾಡಿಸಿದಳು.

ಹುಡುಗಿ ಮುಷ್ಟಿ ಬಿಗಿದಳು. ಪಾದರಸ ಕಾಲುಭಾಗ ದಾಟಿತು, ಅರ್ಧ ದಾಟಿತು, ಏರುತ್ತಲೇ ಹೋಯಿತು. ಜಗುಲಿಯ ಮೇಲೆ ಮೂವರು ಹೆಂಗಸರೂ ಉಸಿರು ಹಿಡಿದು ಅದರ ಜೊತೆ ಕಣ್ಣೆತ್ತುತ್ತಿದ್ದರು.